ಗೋಡೆಗೆ ಮುಟ್ಟದ ನೆಲ

ನನ್ನ ಜೋಕಿಗೆ ನಗದೆ ಪಾರಾದವರು ಇಡೀ ಡೊಂಬಿವಲಿಯಲ್ಲಿ ಇಬ್ಬರೇ. ಒಬ್ಬರು ನಮ್ಮ ಫಿಸಿಕ್ಸ್ ಸರ್. ಅವರ ಸಿಲಬಸ್ಸಿನಲ್ಲಿ ನಗು ಇಲ್ಲ, ಬಿಡಿ. ಇನ್ನೊಬ್ಬರು ನಮ್ಮ ಮನೆಗೆ ನೆಲ ಹಾಸಲು ಬಂದ ಕಾಕಾ. ಅವರು ಜೋಕನ್ನು ನಡುವೆ ತಡೆಯುತ್ತಿರಲಿಲ್ಲ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿ, ಕೊನೆಯ ಮಾತಿನವರೆಗೂ ತಾಳ್ಮೆಯಿಂದ ಕೇಳಿ, "ಹೂಂ" ಎಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಆ ಹೂಂನಲ್ಲಿ ಬೈಗುಳವೂ ಇರಲಿಲ್ಲ, ಶಾಭಾಸೂ ಇರಲಿಲ್ಲ. ಗಾಡಿ ಇಪ್ಪತ್ತು ನಿಮಿಷ ತಡ ಎಂದು ಸ್ಟೇಷನ್ನಿನಲ್ಲಿ ಕೂಗಿದಾಗ ಪ್ಲಾಟ್‌ಫಾರ್ಮಿನ ಜನರೆಲ್ಲ ಸೇರಿ ಹಾಕುವ ಹೂಂ ಇದೆಯಲ್ಲ, ಅದು.

ಹೋದ ವಾರ ಅವ್ವ ಅಡುಗೆಮನೆಗೂ ಅಂಥದೇ ನೆಲ ಹಾಸಿಸೋಣವೆಂದು ಅವರಿಗೆ ಫೋನು ಮಾಡಿದಳು.

"ಇನ್ನ ನಾ ಬರಂಗಿಲ್ರೀ ಅಕ್ಕಾರ. ಮೊಣಕಾಲು ರಾಜೀನಾಮೆ ಕೊಟ್ಟಾವ," ಎಂದರಂತೆ.

ಮೂವತ್ತು ವರ್ಷ ಠಾಣೆಯಿಂದ ಕಲ್ಯಾಣದವರೆಗೆ, ಆ ಕಡೆ ಕಳಂಬೋಲಿಯವರೆಗೆ, ಕಂಡವರ ಮನೆಯಲ್ಲೆಲ್ಲ ಮೊಣಕಾಲೂರಿದ ಮನುಷ್ಯ. ಈಗ ನೌಪಾಡಾದ ಯಾವುದೋ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಗಿರಾಕಿಗಳಿಗೆ ಹಲಗೆಯ ತುಂಡು ತೋರಿಸುತ್ತಾರಂತೆ. ರಾಜೀನಾಮೆಯ ಮಾತಿಗೆ ಅವ್ವ ನಗಲಿಲ್ಲ. ನಾನು ನಕ್ಕೆ. ಆಮೇಲೆ ಅರ್ಧ ದಿನ ಯಾಕೋ ಯಾರಿಗೂ ಜೋಕು ಹೇಳಲಿಲ್ಲ. ನಮ್ಮ ಮನೆಯಲ್ಲಿ ಇದು ಜ್ವರದ ಲಕ್ಷಣ. ಅವ್ವ ಹಣೆ ಮುಟ್ಟಿ ನೋಡಿದಳು.

ಅವರು ಬಂದದ್ದು ಹೋದ ವರ್ಷದ ಮಳೆಗಾಲದಲ್ಲಿ. ಆಗ ನನಗೆ ಹದಿನಾರು. ನಮ್ಮ ಬಿಲ್ಡಿಂಗು ಅಪ್ಪನಿಗಿಂತ ಹಿರಿಯದು, ಅಪ್ಪನಿಗಿಂತ ಹೆಚ್ಚು ಬಾಗಿದೆ. ಮಳೆಗಾಲದಲ್ಲಿ ಅದರ ನೆಲದ ಮೊಸಾಯಿಕ್ ಫರಸಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತದೆ. ಆ ಬೆವರಿನ ಮೇಲೆ ನಮ್ಮ ಅಜ್ಜಿ ಒಂದು ಬೆಳಿಗ್ಗೆ ಜಾರಿ ಬಿದ್ದಳು. ಟೊಂಕದ ಎಲುಬು ಮುರಿಯಿತು. ಆಪರೇಷನ್ ಆಯಿತು. ಡಾಕ್ಟರು ಅವ್ವನನ್ನು ಕರೆದು ಎರಡು ಮಾತು ಹೇಳಿದರು. ಮನೆಗೆ ಹೋದಮೇಲೆ ದಿನಾ ನಡೆಸಬೇಕು. ಮಲಗಿಸಿಬಿಟ್ಟರೆ ಆ ಕಾಲು ನಡೆಯುವುದನ್ನೇ ಮರೆಯುತ್ತದೆ. ಇನ್ನೊಮ್ಮೆ ಜಾರಿದರೆ ಮಾತ್ರ ತಮ್ಮ ಕೈಯಲ್ಲಿ ಏನೂ ಇಲ್ಲ.

ಅಜ್ಜಿಯದು ಒಂದೇ ಮಾತು: "ಆ ಫರಸಿ ಮ್ಯಾಲ ನಾ ಇನ್ನ ಕಾಲಿಡಂಗಿಲ್ಲ."

ಫರಸಿ ಒಡೆಯುವಂತಿಲ್ಲ. ನಾವು ಮೇಲೆ ಒಂದು ಸುತ್ತಿಗೆಯೇಟು ಹಾಕಿದರೆ ಕೆಳಗಿನ ಮನೆಯವರ ಬೇಳೆಯಲ್ಲಿ ಸೀಲಿಂಗಿನ ಸಿಮೆಂಟು ಬೀಳುತ್ತದೆ. ಅಂಥ ಮನೆಗೆ ಒಂದೇ ಉಪಾಯ, ಇದ್ದ ನೆಲದ ಮೇಲೆಯೇ ಇನ್ನೊಂದು ನೆಲ. ಮೊಳೆಯಿಲ್ಲ, ಅಂಟಿಲ್ಲ. ವಿನೈಲ್ ಹಲಗೆಗಳ ಅಂಚಿಗೆ ಅಂಚು ಸಿಕ್ಕಿಸಿ ಚಾಪೆಯ ಹಾಗೆ ಹಾಸುವುದು. ಕಾಲು ಜಾರುವುದಿಲ್ಲ, ತಣ್ಣಗಿರುವುದಿಲ್ಲ. ಈ ಕೆಲಸಕ್ಕೆ ನಮ್ಮ ಕಡೆಯವರೇ ಒಬ್ಬರಿದ್ದಾರೆ, ಇಂಡಿ ತಾಲೂಕಿನವರು, ರಬಾಳೆಯಲ್ಲಿರುತ್ತಾರೆ ಎಂದು ಯಾರೋ ಹೇಳಿ, ಕಾಕಾ ಬಂದರು.

ಬಂದವರು ನಮ್ಮ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟು, ನೆಲದ ಮುಖ ನೋಡಿದರು. ಬಗ್ಗಿ ಅಂಗೈಯಿಂದ ಅದನ್ನು ಮೂರು ಸಲ ತಟ್ಟಿದರು, ಡಾಕ್ಟರು ಮಗುವಿನ ಬೆನ್ನು ತಟ್ಟುವ ಹಾಗೆ. ಆಮೇಲೆ ಕಿಸೆಯಿಂದ ಒಂದು ಗೋಲಿ ತೆಗೆದು ಬಾಗಿಲ ಹತ್ತಿರ ಇಟ್ಟರು. ಐವತ್ತು ದಾಟಿದ ಮನುಷ್ಯನ ಕಿಸೆಯಲ್ಲಿ ಗೋಲಿ! ಅದು ಮೊದಲು ಯೋಚಿಸಿತು, ನಿಧಾನ ಹೊರಟಿತು, ವೇಗ ಹಿಡಿದು ಅಜ್ಜಿಯ ಮಂಚದ ಕೆಳಗೆ ನುಗ್ಗಿ ಗೋಡೆಗೆ ಟಣ್ ಎಂದಿತು.

"ಮನಿ ಕಲ್ಯಾಣದ ಕಡಿ ವಾಲೇತಿ," ಎಂದರು.

"ಹಂಗಾದ್ರ ಕಲ್ಯಾಣಕ್ಕ ಟಿಕೀಟ ಇಲ್ದ ಉಳ್ಳಿಕೋಂತ ಹೋಗಬಹುದಲ್ಲ ಕಾಕಾ?"

"ಹೂಂ."

ಅದು ಮೊದಲನೆಯ ಹೂಂ. ನಾನು ಸೋಲುವವಳಲ್ಲ. ಆ ಕೆಲಸ ಮುಗಿಯುವವರೆಗೆ ಹದಿನಾಲ್ಕು ಜೋಕು ಹೇಳಿದೆ, ಹದಿನಾಲ್ಕು ಹೂಂ ಗಳಿಸಿದೆ.

ತಗ್ಗು ಬಿದ್ದ ಕಡೆ ಅವರು ಗಂಜಿಯಂಥದೊಂದು ಸುರಿದು ಸಮ ಮಾಡಿದರು. ಅದು ಒಣಗಲು ಮನೆಯ ಒಂದೇ ಒಂದು ಟೇಬಲ್ ಫ್ಯಾನನ್ನು ನೆಲಕ್ಕೆ ತಿರುಗಿಸಿದರು. ನೆಲ ಗಾಳಿ ತಿಂದಿತು, ನಾವು ಬೇಯುತ್ತಿದ್ದೆವು. ಆಮೇಲೆ ಹಲಗೆಯ ಪೆಟ್ಟಿಗೆಗಳು ಬಂದವು. ಬಂದವು ಅಂದರೆ ಬಂದು ಕೂತವು. ಕಾಕಾ ಬಾಯಿ ಬಿಚ್ಚಿ ಕೋಣೆಯ ನಡುವೆ ಇಟ್ಟು, ಎರಡು ದಿನ ಮುಟ್ಟಬಾರದು ಎಂದರು.

"ಯಾಕ್ರೀ ಅಣ್ಣಾರ?" ಎಂದಳು ಅವ್ವ.

"ಮನಿ ಹವಾ ಹತ್ತಬೇಕ್ರೀ ಇವಕ್ಕ."

"ನಾ ಈ ಮನಿಗಿ ಬಂದು ಹದಿನೆಂಟು ವರ್ಷಾತು. ನನಗ ಇನ್ನೂ ಹತ್ತಿಲ್ಲ. ಇವಕ್ಕ ಎರಡ ದಿನದಾಗ ಹತ್ತತೈತಿ?"

"ಇವು ಮಾತಾಡಂಗಿಲ್ರೀ ಅಕ್ಕಾರ. ಲಗೂನ ಹತ್ತತೈತಿ."

ನೋಡಿ, ತಮಾಷೆ ಬರುತ್ತಿತ್ತು ಅವರಿಗೆ. ನನ್ನದಕ್ಕೆ ಮಾತ್ರ ಹೂಂ.

ಅಷ್ಟರಲ್ಲಿ ಆಸ್ಪತ್ರೆಯವರು ಅಜ್ಜಿಯನ್ನು ಬಿಡುವ ದಿನ ಹೇಳಿದರು. ಅದು ಸರಿಯಾಗಿ ನಾಗರ ಪಂಚಮಿ. ಕೆಲಸ ಬೇಕಾದಷ್ಟು ಉಳಿದಿತ್ತು. ಅಜ್ಜಿ ಹಾಸಿಗೆಯಿಂದಲೇ ಫೋನು ಮಾಡಿಸಿದಳು. ಅವ್ವ ಸ್ಪೀಕರಿಗೆ ಹಾಕಿದಳು.

"ಪಂಚಮಿ ದಿನಾ ಮನ್ಯಾಗ ಏನೂ ಕೊಯ್ಯಬಾರದು, ಬಡಿಬಾರದು. ನಾವು ಕಾಯಿಪಲ್ಯಾನ ಹೆಚ್ಚಂಗಿಲ್ಲ. ಅಂವಾ ನೆಲಾ ಹ್ಯಾಂಗ ಕೊಯ್ತಾನ? ಕೊಯ್ದ್ರ ನಾ ಅದರ ಮ್ಯಾಲ ಕಾಲಿಡಾಕಿ ಅಲ್ಲ."

ಇನ್ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಕಾಕಾ ಎರಡೂ ಕೈಯಲ್ಲಿ ಫೋನು ಹಿಡಿದು, "ಖರೇ ಐತ್ರೀ ಅವ್ವಾರ. ನಮ್ಮ ಮನ್ಯಾಗೂ ಆ ದಿನಾ ಒಲಿ ಮ್ಯಾಲ ಹಂಚ ಇಡಂಗಿಲ್ಲ. ನಾ ಕೊಯ್ಯಂಗಿಲ್ಲ, ಬಡಿಯಂಗಿಲ್ಲ. ನೀವು ಬರೂದ್ರಾಗ ನೆಲಾ ಆಗಿರತೈತಿ," ಎಂದರು.

ಹೇಗೆ ಎಂದು ನನಗೆ ತಿಳಿಯಲಿಲ್ಲ. ಪಂಚಮಿಯ ಹಿಂದಿನ ದಿನ ತಿಳಿಯಿತು. ಒಂದು ಹಲಗೆಯನ್ನೂ ಹಾಸದೆ, ಇಡೀ ಕೋಣೆಗೆ ಬೇಕಾದ ತುಂಡುಗಳನ್ನೆಲ್ಲ ಅವರು ಅವತ್ತೇ ಕತ್ತರಿಸಿಟ್ಟರು. ಸಾಮಾನ್ಯವಾಗಿ ಒಂದು ಸಾಲು ಹಾಸಿ, ಉಳಿದದ್ದನ್ನು ಅಳೆದು, ಕತ್ತರಿಸಿ, ಮುಂದೆ ಹೋಗುತ್ತಾರೆ. ಕಾಕಾ ಕೋಣೆಯನ್ನೇ ತಲೆಯೊಳಗೆ ಹಾಸಿಕೊಂಡರು. ಚಾಕುವಿನಿಂದ ಮೂರು ಸಲ ಗೀರಿ, ಮೊಣಕಾಲಿಗೆ ಕೊಟ್ಟು ಬಗ್ಗಿಸಿದರೆ ಟಕ್. ಅಂಚು ಸ್ಕೇಲಿನ ಹಾಗೆ ನೇರ. ಹಿಂದೆ ಪೆನ್ಸಿಲಿನಲ್ಲಿ ಕನ್ನಡದ ಅಂಕಿ ಬರೆದು ಸಾಲು ಸಾಲಾಗಿ ಪೇರಿಸಿದರು. ಕೊನೆಯದು ೪೧.

ಪಂಚಮಿಯ ದಿನ ಬರಿಗೈಯಲ್ಲಿ ಬಂದರು. ಚಾಕು, ಸುತ್ತಿಗೆ ಎರಡನ್ನೂ ಮನೆಯಲ್ಲೇ ಬಿಟ್ಟಿದ್ದರು. ಕಿಸೆಯಲ್ಲಿ ಗೋಲಿ, ಮೊಣಕಾಲಿಗೆ ಹಳೆಯ ರಬ್ಬರ್ ಚಪ್ಪಲಿ ಕತ್ತರಿಸಿ ಹೊಲಿದ ಗಾದಿ, ಒಂದು ಚೀಲದಲ್ಲಿ ಕಿರುಬೆರಳಿನ ದಪ್ಪದ ಕಟ್ಟಿಗೆಯ ತುಂಡುಗಳು. ಅವ್ವ ನನಗೆ ಒಂದು ತಂಬಿಟ್ಟಿನ ಉಂಡೆ ಕೊಟ್ಟು, ಕಾಕಾನಿಗೆ ಎರಡು ಕೊಟ್ಟು, ಆಸ್ಪತ್ರೆಗೆ ಹೋದಳು. ಅಪ್ಪನ ವಿಷಯ ನೀವು ಕೇಳಬೇಡಿ. ಅಪ್ಪ ಲೋಕಲ್ ಗಾಡಿಯಲ್ಲಿ ವಾಸಿಸುತ್ತಾರೆ, ಮನೆಗೆ ಸ್ನಾನಕ್ಕೆ ಬಂದು ಹೋಗುತ್ತಾರೆ.

ಒಂದೊಂದೇ ಹಲಗೆಯನ್ನು ಓರೆಯಾಗಿ ಹಿಡಿದು, ಹಿಂದಿನದರ ಅಂಚಿಗೆ ಸಿಕ್ಕಿಸಿ, ಅಂಗೈಯಿಂದ ಒತ್ತಿದರೆ ಕಟ್ ಎಂದು ಕೂರುತ್ತಿತ್ತು. ಗೋಡೆಯ ಹತ್ತಿರ ಮಾತ್ರ ಆ ಕಟ್ಟಿಗೆ ತುಂಡು ಇಟ್ಟು ಕಿರುಬೆರಳಿನಷ್ಟು ಸೀಳು ಬಿಡುತ್ತಿದ್ದರು. ನಾಲ್ಕೂ ಕಡೆ.

"ಕಾಕಾ, ಅಳತಿ ತಪ್ಪೇತಿ. ಗ್ವಾಡಿಗಿ ಮುಟ್ಟೇ ಇಲ್ಲ."

"ಮುಟ್ಟಬಾರದು. ಬಿಸಲಿಗಿ ಇದು ಬೆಳೀತೈತಿ. ಜಾಗಾ ಬಿಡದಿದ್ರ ಎಲ್ಲಿಗಿ ಹೋಗಬೇಕು? ಮ್ಯಾಲ ಏಳತೈತಿ." ಇನ್ನೊಂದು ಹಲಗೆ ಒತ್ತಿ, "ಇದು ಯಾರ ಮ್ಯಾಲೂ ಆತುಕೊಂಡಿಲ್ಲ. ಅದಕ್ಕ ಸುಮ್ಮನ ಬಿದ್ದಿರತೈತಿ," ಎಂದರು.

ಅವರು ಏಳುವುದನ್ನು ನೀವು ನೋಡಬೇಕಿತ್ತು. ಅದು ಏಳುವುದಲ್ಲ, ಠಾಣೆಯಿಂದ ಡೊಂಬಿವಲಿಗೆ ಸ್ಲೋ ಗಾಡಿ. ಮೊದಲು ಒಂದು ಕೈ ನೆಲಕ್ಕೆ, ಅದು ಕಳವಾ. ಇನ್ನೊಂದು ಕೈ ಗೋಡೆಗೆ, ಮುಂಬ್ರಾ. ಎಡ ಪಾದ ಮುಂದೆ ಬಂದರೆ ದಿವಾ. ಅಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ. "ಯಪ್ಪಾ" ಎಂಬ ಸೀಟಿಯೊಂದಿಗೆ ಕೋಪರ್. ಕೊನೆಗೆ ಟೊಂಕದ ಮೇಲೆ ಎರಡೂ ಕೈ ಇಟ್ಟು ನಿಂತರೆ ಡೊಂಬಿವಲಿ. ನಾನು ಸ್ಟೇಷನ್ನುಗಳ ಹೆಸರು ಕೂಗಿದೆ.

"ಹೂಂ."

ಇನ್ನೊಂದು ಪದ್ಧತಿ ಅವರದು. ತಾವು ಹಾಸಿದ ನೆಲದ ಮೇಲೆ ಕೂಡುತ್ತಿರಲಿಲ್ಲ. ಮೊಣಕಾಲೂರುವುದು ಬೇರೆ, ಕೂಡುವುದು ಬೇರೆಯಂತೆ. ಚಹಾ ಕೊಟ್ಟರೆ ಹೊಸ್ತಿಲ ಆಚೆ ಹೋಗಿ ನಿಂತು ಕುಡಿಯುತ್ತಿದ್ದರು.

"ಕುಂದ್ರರಲ್ಲ ಕಾಕಾ, ನೆಲಾ ನಿಮ್ದ."

"ಹಾಸೂತನಾ ನಮ್ದು. ಹಾಸಿದ ಮ್ಯಾಲ ನಿಮ್ದು."

ಮಧ್ಯಾಹ್ನದ ಹೊತ್ತಿಗೆ ನಲವತ್ತು ಹಲಗೆ ಮುಗಿದವು. ನಲವತ್ತೊಂದನೆಯದು ಬಾಲ್ಕನಿ ಬಾಗಿಲ ಮೂಲೆಯದು. ಅದು ಕೂರಲಿಲ್ಲ. ರಾತ್ರಿಯ ಮಳೆಗೆ ಹಳೆಯ ಕಟ್ಟಿಗೆಯ ಚೌಕಟ್ಟು ನೀರು ಕುಡಿದು ಉಬ್ಬಿತ್ತು. ಕಾಕಾ ಹಲಗೆಯನ್ನು ಹಿಡಿದು ನೋಡಿದರು, ಚೌಕಟ್ಟಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು. ಒಂದು ಸ್ವಲ್ಪ ಅಂಚು ತೆಗೆದರೆ ಸಾಕು. ಆದರೆ ತೆಗೆಯಬೇಕು ಅಂದರೆ ಕೊಯ್ಯಬೇಕು.

"ಮನ್ಯಾಗ ಯಾರೂ ಇಲ್ಲ ಕಾಕಾ. ಅಡಿಗಿಮನಿ ಚಾಕು ತರ್ತೀನಿ. ನಾಗಪ್ಪಗ ನಾ ಹೇಳಂಗಿಲ್ಲ."

"ಅವ್ವಾರಿಗಿ ಮಾತ ಕೊಟ್ಟೀನಿ."

ಗೋಡೆಯಂಚಿನ ಕಟ್ಟಿಗೆ ತುಂಡುಗಳನ್ನು ತೆಗೆದು ಚೀಲಕ್ಕೆ ಹಾಕಿ, ಆ ಸಂದಿಗೆ ರಟ್ಟು ಮಡಚಿ ತುಂಬಿ, ಗೋಡೆಯಂಚಿಗೆ ಅಂಟಿಸುವ ಪಟ್ಟಿಯ ಸುರುಳಿಯನ್ನು ಪಕ್ಕದಲ್ಲಿಟ್ಟು, ನಾಳೆ ಬಂದು ಮುಗಿಸುತ್ತೇನೆ, ಅಲ್ಲಿವರೆಗೆ ಅಜ್ಜಿಯನ್ನು ಆ ಮೂಲೆಗೆ ಬಿಡಬೇಡ ಎಂದು ಹೇಳಿ ಹೋದರು.

ಈಗ ನನ್ನ ಪರಾಕ್ರಮ. ಅಜ್ಜಿಯ ವಾಕರಿನ ಕಾಲು ಆ ಸಂದಿಯಲ್ಲಿ ಸಿಕ್ಕರೆ ಎಂಬ ಕಾಳಜಿ ನನಗಿತ್ತು ಎಂದು ಹೇಳಬಹುದು, ಹೇಳಿದ್ದೇನೆ ಕೂಡ. ನಿಜವೇನೆಂದರೆ, ಕಾಕಾನಿಗೆ ಆಗದ್ದನ್ನು ಮಾಡಿ ತೋರಿಸುವ ಆಸೆ. ಹಲ್ಲಿನ ಬ್ರೆಡ್ ಚಾಕು ತಂದೆ. ನಲವತ್ತು ನಿಮಿಷ ಆ ಹಲಗೆಯ ಮೇಲೆ ಪಿಟೀಲು ಬಾರಿಸಿದೆ. ಕೈಯಲ್ಲಿ ಮೂರು ಬೊಬ್ಬೆ. ಅಂಚು ಇಲಿ ತಿಂದ ರೊಟ್ಟಿಯ ಹಾಗೆ ಬಂತು. ಆದರೂ ಬಿಗಿ. ಆಗ ಅಜ್ಜಿಯ ಹಿತ್ತಾಳೆಯ ಕುಟ್ಟಾಣಿ ತಂದು ನಾಲ್ಕೇಟು ಹಾಕಿದೆ. ನಾಲ್ಕನೆಯದಕ್ಕೆ ಹಲಗೆ ಕೂತಿತು. ಕೂತದ್ದೇ ಇಡೀ ನೆಲ ದೋಣಿಯ ಹಾಗೆ ಒಂದಿಷ್ಟು ಜರುಗಿ ಎದುರಿನ ಗೋಡೆಗೆ ಹೋಗಿ ಮುಟ್ಟಿತು. ಕಾಕಾ ಬಿಟ್ಟಿದ್ದ ಸೀಳು ಎರಡೂ ಕಡೆ ಮಾಯ. ಎಷ್ಟು ಚೆಂದ ಕಂಡಿತೆಂದರೆ, ನನಗೆ ನಾನೇ ಶಾಭಾಸ್ ಕೊಟ್ಟುಕೊಂಡೆ. ಮೇಲೆ ಪಟ್ಟಿಯನ್ನೂ ಅಂಟಿಸಿದೆ.

ಆಮೇಲೆ ನೆನಪಾಯಿತು: ಕೊಯ್ದದ್ದು ಪಂಚಮಿಯ ದಿನ. ಹೊಗಳಿಕೆ ಬೇಕೆಂದರೆ ತಪ್ಪು ಒಪ್ಪಬೇಕು. ಹೊಗಳಿಕೆ ಬಿಟ್ಟೆ. ಮನೆಯವರಿಗೆ, "ಕಾಕಾ ಸಂಜಿಗಿ ಮತ್ತ ಬಂದು ಕೂಡಿಸಿ ಹೋದ್ರು," ಎಂದೆ. ಮರುದಿನ ಬೆಳಿಗ್ಗೆ ಕಾಕಾನಿಗೆ ಫೋನು ಮಾಡಿ, "ನೀವು ಬರೂದ ಬ್ಯಾಡ. ಅಪ್ಪಾ ನಸುಕಿನ್ಯಾಗ ಎದ್ದು ಕೂಡಿಸ್ಯಾರ," ಎಂದೆ.

ಆ ಕಡೆ ರಬಾಳೆ ಸ್ಟೇಷನ್ನಿನ ಗದ್ದಲ. "ಜಾಗಾ ಬಿಟ್ಟಾರಿಲ್ಲೋ ತಂಗಿ?"

"ಬೇಕಾದಷ್ಟ ಬಿಟ್ಟಾರ ಕಾಕಾ. ನಡುವ ಒಂದ ರಿಕ್ಷಾ ಹೋಗತೈತಿ."

ಆ ಕಡೆ ಒಂದು ಗಾಡಿ ಬಂದು ನಿಂತು ಹೊರಟಿತು. ಆಮೇಲೆ, "ಹೂಂ."

ಪಂಚಮಿಯ ರಾತ್ರಿ ಅಜ್ಜಿಯನ್ನು ತಂದು ಮಂಚದ ಮೇಲೆ ಕೂಡಿಸಿದಾಗ ಅವಳು ಒಂದು ಪಾದ ಇಳಿಸಿ, ಹೆಬ್ಬೆರಳಿನಿಂದ ನೆಲ ಒತ್ತಿ, "ಕೊಯ್ಯಲಿಲ್ಲ ಹೌದಲ್ಲ ಅಂವಾ?" ಎಂದು ಕೇಳಿದಳು.

"ಇಲ್ಲಜ್ಜಿ. ಹಂಗಽ ಕೂತೈತಿ."

ಆಗ ಎರಡನೆಯ ಪಾದ ಇಳಿಸಿದಳು. ಮೊದಲ ವಾರ ಎರಡು ಹೆಜ್ಜೆ. ಗಣಪತಿ ಹಬ್ಬಕ್ಕೆ ಐದು. ದಸರಾ ಬರುವುದರೊಳಗೆ ಹದಿನಾಲ್ಕು ಹೆಜ್ಜೆ, ಅಂದರೆ ಮಂಚದಿಂದ ಬಾಲ್ಕನಿ. ಬಾಲ್ಕನಿಯಿಂದ ರೈಲು ಹಳಿ ಕಾಣುತ್ತದೆ. ಅಜ್ಜಿ ಸಂಜೆ ವಾಕರ್ ಹಿಡಿದು ಅಲ್ಲಿ ನಿಂತು, "ಕಸಾರಾ ಫಾಸ್ಟ್ ಹೋತು," "ಅಂಬರನಾಥ ಸ್ಲೋ, ಖಾಲಿ ಐತಿ," ಎಂದು ಇಡೀ ಮನೆಗೆ ಸುದ್ದಿ ಹೇಳುತ್ತಿದ್ದಳು. ರೈಲ್ವೆಯವರು ಸಂಬಳ ಕೊಡಬೇಕಿತ್ತು.

ಅಕ್ಟೋಬರಿನ ಬಿಸಿಲು ಬಂತು. ಮಧ್ಯಾಹ್ನ ಬಾಲ್ಕನಿಯಿಂದ ಒಳಗೆ ಬಂದು ನೆಲದ ಮೇಲೆ ಕಾಲು ಚಾಚಿ ಮಲಗುವಂಥ ಬಿಸಿಲು. ಒಂದು ದಿನ ಬಾಗಿಲ ಹತ್ತಿರದ ನೆಲ ಕೆಂಡದ ಮೇಲಿನ ಚಪಾತಿಯ ಹಾಗೆ ಉಬ್ಬಿ ನಿಂತಿತು. ಹೆಬ್ಬೆರಳಿನಷ್ಟು ಎತ್ತರ. ಅಜ್ಜಿಯ ವಾಕರ್ ಅದಕ್ಕೆ ಬಡಿಯಿತು. ಅವ್ವ ಓಡಿ ಬಂದು ತೆಕ್ಕೆಗೆ ಹಾಕಿಕೊಳ್ಳದಿದ್ದರೆ ಅವಳು ಬಿದ್ದೇಬಿಡುತ್ತಿದ್ದಳು. ಮಂಚಕ್ಕೆ ತಂದು ಮಲಗಿಸಿದರೂ ಅಜ್ಜಿ ಅವ್ವನ ಸೆರಗು ಬಿಡಲಿಲ್ಲ. ಕಣ್ಣು ಆ ಉಬ್ಬಿನ ಮೇಲೆ.

"ಹೆಡಿ ಎತ್ಯಾನ," ಎಂದಳು. "ನಾಗಪ್ಪ ಹೆಡಿ ಎತ್ಯಾನ."

ಕಾಕಾ ಕಳಂಬೋಲಿಯ ಕೆಲಸ ಬಿಟ್ಟು ಅವತ್ತೇ ಬಂದರು. ಮೊಣಕಾಲೂರಿ ಪಟ್ಟಿ ಕಿತ್ತರು. ಎದುರಿನ ಗೋಡೆಗೆ ಬೆರಳು ಹಾಕಲು ಹೋದರು, ಉಗುರೂ ಹೋಗಲಿಲ್ಲ. ಬಾಗಿಲ ಮೂಲೆಗೆ ಬಂದು ೪೧ ಅನ್ನು ಎತ್ತಿ ತಿರುಗಿಸಿದರು. ನನ್ನ ಪಿಟೀಲು ವಾದನ ಎಲ್ಲರ ಕಣ್ಣ ಮುಂದೆ.

"ಪಂಚಮಿ ದಿನಾ ಸಂಜಿಗಿ ಬಂದು ನೀವು ಕೂಡಿಸಿದ್ದು ಅದಽ ಅಲ್ಲೇನ್ರೀ?" ಎಂದಳು ಅವ್ವ.

ಕಾಕಾ ನನ್ನನ್ನು ನೋಡಿದರು. ನಾನು ಫ್ಯಾನಿನ ರೆಕ್ಕೆ ಎಣಿಸಿದೆ. ಮೂರು. ಇನ್ನೊಮ್ಮೆ ಎಣಿಸಿದೆ. ಆಗಲೂ ಮೂರೇ.

"ಹೂಂ," ಎಂದರು ಕಾಕಾ.

"ಕೊಯ್ದಿಯೇನೋ ತಮ್ಮಾ?" ಮಂಚದಿಂದ ಅಜ್ಜಿಯ ದನಿ.

ಅವರು ಆ ಇಲಿ ತಿಂದ ಅಂಚಿನ ಮೇಲೆ ನಿಧಾನವಾಗಿ ಹೆಬ್ಬೆರಳು ಎಳೆದರು. ಅಂಥ ಅಂಚಿಗೆ ತಮ್ಮ ಹೆಸರು ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತೋ, ನನಗೆ ಆಗ ಹೊಳೆಯಲಿಲ್ಲ. "ತಪ್ಪ ನಂದ ಐತ್ರೀ ಅವ್ವಾರ."

"ನಂಬಿದ್ನೆಲ್ಲೋ ನಿನ್ನ," ಎಂದು ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಂಚು ಕೊಯ್ದು, ನೆಲವನ್ನು ಮೊದಲಿನ ಜಾಗಕ್ಕೆ ಜರುಗಿಸಿ, ನಾಲ್ಕೂ ಕಡೆ ಸೀಳು ಬಿಟ್ಟರು. ಅರ್ಧ ಗಂಟೆಯಲ್ಲಿ ಹೆಡೆ ಇಳಿದು ನೆಲ ಸಪಾಟಾಯಿತು. ಅವರ ಚೀಲ ಎತ್ತಿಕೊಂಡು ನಾನು ಮೆಟ್ಟಿಲವರೆಗೆ ಹೋದೆ.

"ಯಾಕ ಹಂಗ ಹೇಳಿದ್ರಿ ಕಾಕಾ?"

"ಸುಳ್ಳೇನ ಹೇಳಿಲ್ಲ." ಅವರು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ನಿಂತರು. "ಆ ದಿನಾ ಫೋನನ್ಯಾಗ ನೀ ರಿಕ್ಷಾ ಹೋಗತೈತಿ ಅಂದೆಲ್ಲ, ಅವಾಗಽ ಗೊತ್ತಾಗಿತ್ತು. ಜಾಗಾ ಬಿಟ್ಟವರು ಹಂಗ ಹೇಳಂಗಿಲ್ಲ. ಬಂದು ನೋಡಬೇಕಾಗಿತ್ತು. ರಬಾಳೆದಿಂದ ಠಾಣೆ, ಠಾಣೆದಾಗ ಗಾಡಿ ಬದಲಿ, ಮತ್ತ ಈ ಮೂರು ಅಂತಸ್ತು... ದಣದಿದ್ದೆ ತಂಗಿ. ಗೊತ್ತಿದ್ದೂ ಬರಲಿಲ್ಲ. ಅದು ಯಾರ ತಪ್ಪು?"

ನಾನು ಚೀಲ ಅವರ ಕೈಗೆ ಕೊಟ್ಟೆ. ಅವರು ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು ಇಳಿದು ಹೋದರು.

ಅಜ್ಜಿ ಅಂದಿನಿಂದ ನೆಲಕ್ಕೆ ಕಾಲಿಡಲಿಲ್ಲ. ಒಂದು ದಿನ, ಎರಡು ದಿನ, ಆರು ದಿನ. ನೆಲ ನೆಟ್ಟಗಾಗಿದೆ ಎಂದರೆ, "ಮ್ಯಾಲ ನೆಟ್ಟಗಾಗೇತಿ. ಕೆಳಗ ಅಂವಾ ಅದಾನ," ಎನ್ನುತ್ತಿದ್ದಳು. ವ್ಯಾಯಾಮ ಮಾಡಿಸುವವರು ಬಂದು ಕಾಲು ಮಡಚಿ ನೋಡಿ, ಬಿಗಿಯುತ್ತಿದೆ, ಇನ್ನೊಂದು ವಾರ ಹೀಗೇ ಮಲಗಿದರೆ ಕಷ್ಟ ಎಂದರು. ಅವ್ವ ಅವಳನ್ನು ಎತ್ತಿ, ಇಳಿಸಿ, ತೊಳೆದು, ರಾತ್ರಿ ತನ್ನ ಬೆನ್ನಿಗೆ ತಾನೇ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಗಾಡಿಗಳು ಹೋಗುತ್ತಿದ್ದವು, ಯಾವುದು ಎಂದು ಹೇಳುವವರಿರಲಿಲ್ಲ. ನಾನು ಅಜ್ಜಿಗೆ ನನ್ನ ಅತ್ಯುತ್ತಮ ಮೂರು ಜೋಕು ಹೇಳಿದೆ. ನಗದವರ ಪಟ್ಟಿಗೆ ಮೂರನೆಯ ಹೆಸರು ಸೇರಿತು.

ಏಳನೆಯ ದಿನ ರವಿವಾರ. ಯಾರೂ ಕರೆಯದೆ ಕಾಕಾ ಬಂದರು. ಈ ಸಲ ನೋಡಲಿಕ್ಕೆ. ಮೊಣಕಾಲೂರಿ ನಾಲ್ಕೂ ಗೋಡೆಗೆ ಕಿರುಬೆರಳು ಹಾಕಿ ನೋಡಿದರು. ಅಜ್ಜಿ ಗೋಡೆಯ ಕಡೆಯೇ ಮುಖ ಮಾಡಿದ್ದಳು. ಅವ್ವ ಚಹಾ ಕೊಟ್ಟಳು. ಅವರು ಹೊಸ್ತಿಲ ಆಚೆ ಹೋಗಿ ನಿಂತರು.

ನಾನು ಬಾಲ್ಕನಿ ಬಾಗಿಲಲ್ಲಿದ್ದೆ. "ಅಜ್ಜಿ, ಒಂದ ಜೋಕ ಹೇಳ್ತೀನಿ," ಎಂದೆ.

"ಬ್ಯಾಡ."

"ಸಣ್ಣದೈತಿ. ಒಂದೂರಾಗ ಒಬ್ಬಾಕಿ ಹುಡುಗಿ ಇದ್ಳು. ತಾ ಭಾಳ ಶಾಣ್ಯಾ ಅಂತ ತಿಳಕೊಂಡಿದ್ಳು. ಪಂಚಮಿ ದಿನಾ ಮನ್ಯಾಗ ಯಾರೂ ಇಲ್ದಾಗ ಬ್ರೆಡ್ ಚಾಕು ತಗೊಂಡು..."

ಯಾರೂ ನಗಲಿಲ್ಲ. ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ನಾನು ಮುಗಿಸಿದೆ. ಬ್ರೆಡ್ ಚಾಕು, ಕುಟ್ಟಾಣಿ, ಪಟ್ಟಿ, ಎರಡು ಸುಳ್ಳು, ರಿಕ್ಷಾ. ಎಲ್ಲ. ಅಜ್ಜಿ ಬಹಳ ನಿಧಾನವಾಗಿ ಈ ಕಡೆ ಹೊರಳಿದಳು.

"ಕೊಯ್ದಾಕಿ ನೀನು?"

"ಹೌದು."

"ಪಂಚಮಿ ದಿನಾ?"

"ಹೌದಜ್ಜಿ."

"ನನ್ನ ಕುಟ್ಟಾಣಿಲೆ ಬಡದಿ?"

"...ಹೌದು."

"ನಾಗಪ್ಪ ಅಲ್ಲ ಹೆಡಿ ಎತ್ತಿದಾಂವಾ," ಎಂದಳು ಅಜ್ಜಿ. "ನೀನು. ಬಾ ಇಲ್ಲೆ."

ನಾನು ಹೋಗಲಿಲ್ಲ. ಧೈರ್ಯವಿರಲಿಲ್ಲ, ಅಷ್ಟೇ. ಅಜ್ಜಿ ವಾಕರ್ ಎಳೆದುಕೊಂಡಳು. ಒಂದು ಪಾದ ಇಳಿಯಿತು. ಎರಡನೆಯದೂ. ಅವ್ವ ಹಿಡಿಯಲು ಓಡಿದಳು; ಕಾಕಾ ಹೊಸ್ತಿಲಿಂದ, "ಬಿಡ್ರೀ ಅಕ್ಕಾರ," ಎಂದರು.

"ನಿಂದ್ರ! ಓಡಬ್ಯಾಡ! ಆ ಮನಷ್ಯಾಗ ನಾ ಏನೇನ ಅಂದೆ, ನೀ ಫ್ಯಾನ ನೋಡಕೋಂತ ನಿಂತಿದ್ದಿ!"

"ನಾ ಓಡಾಕತ್ತಿಲ್ಲಜ್ಜಿ. ಇಲ್ಲೇ ಅದೀನಿ. ಬಾ."

ನಾಲ್ಕನೆಯ ಹೆಜ್ಜೆಗೆ ನನಗೆ ಬುದ್ಧಿ ಬಂತು. ಅವಳು ಒಂದು ಹೆಜ್ಜೆ ಬಂದರೆ ನಾನು ಅರ್ಧ ಹೆಜ್ಜೆ ಹಿಂದೆ. ಎಂಟು. ಒಂಬತ್ತು. ಉಬ್ಬಿದ್ದ ಜಾಗ ಬಂತು. ಅಜ್ಜಿ ಅಲ್ಲಿ ನಿಂತಳು. ವಾಕರಿನ ಕಾಲಿನಿಂದ ಅದನ್ನು ಎರಡು ಸಲ ಕುಟ್ಟಿದಳು. ಏನೂ ಆಗಲಿಲ್ಲ. ದಾಟಿದಳು. ಹದಿನಾಲ್ಕನೆಯ ಹೆಜ್ಜೆಗೆ ನನ್ನ ಬೆನ್ನಿಗೆ ಬಾಲ್ಕನಿಯ ಕಟಕಟೆ ಹತ್ತಿತು. ಭುಜದ ಮೇಲೆ ಒಂದು ಗುದ್ದು ಬಿತ್ತು. ಇನ್ನೊಂದು ಬೀಳಬೇಕಿತ್ತು, ಅವಳಿಗೆ ಉಸಿರು ಸಾಲಲಿಲ್ಲ. ಕಟಕಟೆ ಹಿಡಿದು ನಿಂತಳು. ಕೆಳಗೆ ಗಾಡಿಯೊಂದು ಹೋಯಿತು.

"ಕಸಾರಾ ಫಾಸ್ಟ್," ಎಂದಳು, ಏದುಸಿರಿನ ನಡುವೆ.

ಆಮೇಲೆ ತಿರುಗಿ, "ತಮ್ಮಾ, ನೀ ಯಾಕೋ ಅವಳ ತಪ್ಪ ಮೈಮ್ಯಾಲ ಹಾಕ್ಕೊಂಡಿ?"

"ನಂದೂ ಇತ್ರೀ ಅವ್ವಾರ. ದಣದಿದ್ದೆ. ನೋಡಾಕ ಬರಲಿಲ್ಲ."

"ಇನ್ನೂ ದಣದೀಯೇನು?"

ಕಾಕಾ ಖಾಲಿ ಲೋಟದೊಳಗೆ ನೋಡಿದರು.

"ಒಳಗ ಬಾ. ಕುಂದ್ರು."

"ಹಾಸಿದ ನೆಲದ ಮ್ಯಾಲ ನಾ ಕುಂದ್ರಂಗಿಲ್ರೀ..."

"ನೆಲಾ ಯಾರದು?"

"ನಿಮ್ದರೀ."

"ಮತ್ತ ನಾ ಹೇಳಾಕತ್ತೀನಿ. ಕುಂದ್ರು."

ಅವರು ಹೊಸ್ತಿಲು ದಾಟಿದರು. ಡೊಂಬಿವಲಿಯಿಂದ ಗಾಡಿ ಹಿಂದೆ ಹೊರಟಿತು. ಕೋಪರ್, ದಿವಾ, ಮುಂಬ್ರಾ, ಕಳವಾ. ದಿವಾದಲ್ಲಿ ಬಹಳ ಹೊತ್ತು ನಿಂತಿತು. ನಾನು ಸ್ಟೇಷನ್ ಕೂಗಲಿಲ್ಲ. ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿದರು. ಮೊಣಕಾಲಿನ ಚಪ್ಪಲಿ ಗಾದಿ ಬಿಚ್ಚಲು ಮರೆತಿದ್ದರು.

ನಾನು ಎದುರಿಗೆ ಕೂತು ಹದಿನೈದನೆಯ ಜೋಕು ಶುರು ಮಾಡಿದೆ. ಅದು ಒಳ್ಳೆಯ ಜೋಕು, ಬಹಳ ದಿನದಿಂದ ಅವರಿಗೆಂದೇ ತಿದ್ದಿ ಇಟ್ಟದ್ದು. ನಡುವೆ ತಲೆಯೆತ್ತಿ ನೋಡಿದೆ. ಯಾರ ಜೋಕನ್ನೂ ಅರ್ಧಕ್ಕೆ ಬಿಡದ ಮನುಷ್ಯ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಪೆನ್ಸಿಲು ಇನ್ನೂ ಕಿವಿಯ ಮೇಲೆ. ಅಜ್ಜಿ ಬಾಲ್ಕನಿಯಿಂದ ತುಟಿಯ ಮೇಲೆ ಬೆರಳಿಟ್ಟಳು. ಅವ್ವ ಕುಕ್ಕರಿನ ಸೀಟಿ ಬರುವ ಮೊದಲೇ ಗ್ಯಾಸು ಆರಿಸಿದಳು.

ನಾನು ಜೋಕನ್ನು ಅಲ್ಲಿಗೇ ಬಿಟ್ಟೆ. ಅವರ ಬೆನ್ನು ನೋಡಿದೆ. ಪೂರ್ತಿ ಗೋಡೆಗೆ ಆತುಕೊಂಡಿತ್ತು. ನಡುವೆ ಕಿರುಬೆರಳಿನಷ್ಟೂ ಜಾಗ ಬಿಟ್ಟಿರಲಿಲ್ಲ.